ಒತ್ತೆಯಿಟ್ಟ ಮಕ್ಕಳ ಮುಖ

ಚಿತ್ರದಲ್ಲಿ ಮಗುವಿನ ಮುಖ ಕಂಡೊಡನೆ ನಮ್ಮ ಮನಸ್ಸು ಮೆತ್ತಗಾಗುತ್ತದೆ. ಮೆತ್ತಗಾದ ಮನಸ್ಸು ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದಲೇ ಮಕ್ಕಳ ಭಾವಚಿತ್ರಗಳನ್ನು ತುಸು ಅನುಮಾನದಿಂದಲೇ ನೋಡಬೇಕೆಂಬುದು ನನ್ನ ಅನಿಸಿಕೆ. ಇದಕ್ಕೆ ಕೊಪ್ಪಳದವರು ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಕೋಟೆಯ ಕಥೆಯೇ ಅಂಥದೊಂದು ಚಿತ್ರದ ಮುಂದೆ ತಂದು ನಿಲ್ಲಿಸುತ್ತದೆ.

ಟಿಪ್ಪು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದ್ದ ಈ ಕೋಟೆ ತಿಂಗಳುಗಟ್ಟಲೆ ಮುತ್ತಿಗೆ ತಾಳಿಕೊಂಡು, 1791ರ ಏಪ್ರಿಲಿನಲ್ಲಿ ನಿಜಾಮ ಮತ್ತು ಇಂಗ್ಲಿಷರ ಸೈನ್ಯಕ್ಕೆ ಶರಣಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ. ಅದಕ್ಕಾಗಿ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಕೊಪ್ಪಳ ನಿಜಾಮನ ಪಾಲಾಯಿತು, ಮಕ್ಕಳು ಕಾರ್ನ್‌ವಾಲಿಸನ ಪಾಲಾದರು.

ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಪ್ರಸಂಗವನ್ನು ಬರೆದ ತೈಲಚಿತ್ರ ಲಂಡನ್ನಿನ ರಾಷ್ಟ್ರೀಯ ಸೇನಾ ಸಂಗ್ರಹಾಲಯದಲ್ಲಿದೆ. ಬಿಳಿಯ ಉಡುಪಿನ ಎಳೆಯರು, ಸುತ್ತ ದಪ್ಪ ಕೋಟಿನ ಸೇನಾಧಿಕಾರಿಗಳು. ಕಾರ್ನ್‌ವಾಲಿಸ್ ಹುಡುಗನ ಕೈ ಹಿಡಿದಿದ್ದಾನೆ. ಕಥೆ ಗೊತ್ತಿಲ್ಲದವರಿಗೆ ಇದು ಮನೆಗೆ ಬಂದ ಮಕ್ಕಳನ್ನು ಹಿರಿಯನೊಬ್ಬ ಬರಮಾಡಿಕೊಳ್ಳುವ ನೋಟ. ಹೆತ್ತ ತಂದೆ ಚಿತ್ರದಲ್ಲಿ ಇಲ್ಲವೇ ಇಲ್ಲ. ಅವನ ಜಾಗವನ್ನು ಗೆದ್ದವನು ತುಂಬಿದ್ದಾನೆ. ಮಕ್ಕಳು ಎಷ್ಟು ಮುಗ್ಧರಾಗಿ ಕಂಡರೆ ಇವನು ಅಷ್ಟು ದಯಾಳುವಾಗಿ ಕಾಣುತ್ತಾನೆ. ಇಲ್ಲಿ ಮುಗ್ಧತೆ ಮಕ್ಕಳ ಗುಣವಲ್ಲ, ಗೆದ್ದವನ ಆಭರಣ.

ಹಾಗೆಂದು ಹೋಮನನ್ನು ತಳ್ಳಿಹಾಕುವಂತಿಲ್ಲ. ಚಿತ್ರದ ಒಂದು ಅಂಚಿನಲ್ಲಿ, ಕಂಕುಳಲ್ಲಿ ಚಿತ್ರಗಳ ಕಡತ ಹಿಡಿದು ತಾನೂ ನಿಂತಿದ್ದಾನೆ. ಈ ನೋಟ ಯಾರ ಕಣ್ಣಿನದು ಎಂಬುದನ್ನು ಅವನು ಬಚ್ಚಿಟ್ಟಿಲ್ಲ. ಭಾರತಕ್ಕೆ ಕಾಲಿಡದೆಯೇ ಲಂಡನ್ನಿನಲ್ಲಿ ಕೂತು ಇದೇ ಪ್ರಸಂಗ ಬರೆದ ಮೇದರ್ ಬ್ರೌನನಿಗೆ ಆ ಸಾಕ್ಷಿಯ ಹೊಣೆಯೂ ಇರಲಿಲ್ಲ.

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗೆ ಬಣ್ಣ ಹಚ್ಚಿ ಕಣ್ಣು ಬರೆಯುತ್ತಾರೆ. ಆ ಮುಖವೂ ಮುಗ್ಧವೇ. ಆದರೆ ಆ ಗೊಂಬೆ ಯಾರ ಮಗುವೂ ಅಲ್ಲ, ಅದರ ಮುಗ್ಧತೆಯಿಂದ ಯಾರಿಗೂ ಮೋಸವಿಲ್ಲ. ಭಾವಚಿತ್ರದ ಮಗುವಿಗೆ ಹೆಸರಿದೆ, ತಂದೆಯಿದ್ದಾನೆ, ಇತಿಹಾಸವಿದೆ. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಮರಳಿ ತಂದೆಯ ಬಳಿ ಸೇರಿದ್ದು 1794ರಲ್ಲಿ. ನಡುವಿನ ಎರಡು ವರ್ಷಗಳ ರಾತ್ರಿಗಳನ್ನು ಆ ಬಿಳಿ ಉಡುಪು ಮರೆಸಬಾರದು. ಅದನ್ನು ಮರೆಯದೆ ನೋಡುವುದೇ ಮಗುವಿಗೆ ನಾವು ಸಲ್ಲಿಸಬಹುದಾದ ನ್ಯಾಯ.