ಎಂಡೊಮೆಟ್ರಿಯೋಸಿಸ್ ಮದ್ದುಗಳನ್ನು ತೂಗಿ ನೋಡಿದರೆ

ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆದು ತಿಂಗಳು ತಿಂಗಳೂ ಕೆರಳುವ ಕಾಯಿಲೆ ಇದು. ಇದಕ್ಕೆ ಬಂದ ಹಾರ್ಮೋನ್ ಮದ್ದುಗಳೆಲ್ಲ ಹಿಡಿದದ್ದು ಹೆಚ್ಚುಕಡಿಮೆ ಒಂದೇ ದಾರಿ: ಈಸ್ಟ್ರೊಜೆನ್ ಪ್ರಭಾವವನ್ನು ತಗ್ಗಿಸಿ, ಮುಟ್ಟನ್ನು ತಡೆಯುವುದು. ಬುಡಸಮೇತ ಕೀಳುವ ಮಾತ್ರೆ ಇನ್ನೂ ಬಂದಿಲ್ಲ. ಬಿಟ್ಟರೆ ನೋವು ಮರಳುವುದೇ ಹೆಚ್ಚು. ಆದ್ದರಿಂದ ಇವುಗಳನ್ನು ಅಳೆಯುವಾಗ ವರ್ಷಗಟ್ಟಲೆ ನುಂಗಬಹುದೇ ಎಂದೇ ಮೊದಲು ಕೇಳಬೇಕು.

ಈ ಪರೀಕ್ಷೆಯಲ್ಲಿ 70ರ ದಶಕದ ಡೆನಜಾಲ್ ಫೇಲು. ನೋವು ಇಳಿಸಿತು, ನಿಜ. ಜೊತೆಗೆ ಮೊಡವೆ, ಮುಖದಲ್ಲಿ ಕೂದಲು, ಗಡಸು ದನಿ ಕೊಟ್ಟಿತು. ಮಾತ್ರೆ ಬಿಟ್ಟರೂ ಕೆಲವರ ದನಿ ಮೊದಲಿನಂತಾಗಲಿಲ್ಲ. ಆಮೇಲೆ ಬಂದ ಲ್ಯುಪ್ರೊಲೈಡ್ ಇಂಜೆಕ್ಷನ್ ಮೊದಮೊದಲು ನೋವನ್ನು ಕೆರಳಿಸಿ, ಬಳಿಕ ಅಂಡಾಶಯದ ಕೆಲಸ ನಿಲ್ಲಿಸುತ್ತದೆ. ಮೂವತ್ತರ ಹೆಣ್ಣಿಗೆ ಐವತ್ತರವರ ಸೆಕೆ, ಬೆವರು, ಮೂಳೆ ಸವೆತ. ಈ ಇಂಜೆಕ್ಷನ್ ಒಂದನ್ನೇ ಕೊಡುವುದಾದರೆ 6 ತಿಂಗಳ ಮಿತಿ.

ನನ್ನ ಮತ ಡೈನೊಜೆಸ್ಟ್‌ಗೆ. ದಿನಕ್ಕೊಂದು 2 ಮಿಲಿಗ್ರಾಂ ಮಾತ್ರೆ. 2010ರಲ್ಲಿ ಪ್ರಕಟವಾದ 24 ವಾರಗಳ ಹೋಲಿಕೆಯಲ್ಲಿ ನೋವು ತಗ್ಗಿಸುವುದರಲ್ಲಿ ಅದು ಲ್ಯುಪ್ರೊಲೈಡ್‌ಗೆ ಕಮ್ಮಿಯಿರಲಿಲ್ಲ. ಆದರೆ ಚೀಟಿ ಬರೆಯುವ ಕೈ ಹೇಳದೆ ಬಿಡುವ ಮಾತೊಂದಿದೆ: ಮೊದಲ ತಿಂಗಳುಗಳಲ್ಲಿ ಯಾವಾಗ ಬೇಕಾದರೂ ಕಲೆ ಬೀಳಬಹುದು. ಆಫೀಸಿಗೆ ಹೋಗುವ ಬ್ಯಾಗಿನಲ್ಲಿ ದಿನಾ ಪ್ಯಾಡ್ ಇರಲೇಬೇಕು. ಮನಸ್ಸು ಕುಗ್ಗುವುದೂ ಉಂಟು. ಇದನ್ನು ಮೊದಲೇ ಹೇಳದಿದ್ದರೆ ಹೆಂಗಸರು ಗಾಬರಿಯಾಗಿ ಮಾತ್ರೆ ನಿಲ್ಲಿಸುತ್ತಾರೆ, ಆಮೇಲೆ ಮಾತ್ರೆಯನ್ನೇ ದೂರುತ್ತಾರೆ. ಕಾಸು ನೋಡುವವರಿಗೆ ಸಾದಾ ಗರ್ಭನಿರೋಧಕ ಮಾತ್ರೆ ಸಾಕಾಗಬಹುದು, ಆದರೆ ಕಣ್ಣು ಮಂಜಾಗಿ ಬರುವ ಮೈಗ್ರೇನ್ ಇದ್ದವರಿಗೆ ಸಲ್ಲದು. ಐದಾರು ವರ್ಷ ಮಗು ಬೇಡ ಎನ್ನುವವರಿಗೆ ಹಾರ್ಮೋನ್ ಒಸರುವ ವಂಕಿಯೂ ಒಳ್ಳೆಯದೇ.

ಅಮೆರಿಕ 2018ರಲ್ಲಿ ಎಲಗೊಲಿಕ್ಸ್‌ಗೂ 2022ರಲ್ಲಿ ರೆಲುಗೊಲಿಕ್ಸ್ ಮಿಶ್ರಣಕ್ಕೂ ಒಪ್ಪಿಗೆ ಕೊಟ್ಟಿತು. ಎರಡನೆಯದರಲ್ಲಿ ಅಂಡಾಶಯವನ್ನು ತಡೆಯುವ ಮದ್ದೂ ಮೂಳೆ ಕಾಯುವಷ್ಟು ಹಾರ್ಮೋನೂ ಒಂದೇ ಮಾತ್ರೆಯಲ್ಲಿವೆ. ಜಾಣತನದ ಕೂಡಿಕೆ. ಆದರೂ ಅಲ್ಲಿ 24 ತಿಂಗಳ ಗಡಿ ಹಾಕಿದ್ದಾರೆ.

ನಮ್ಮಲ್ಲಿ ಚಿಕಿತ್ಸೆ ಶುರುವಾಗುವುದು ಮೆಡಿಕಲ್ ಶಾಪಿನ ಮೆಫ್ಟಾಲ್‌ನಿಂದ. ಅದರಲ್ಲಿರುವ ಮೆಫೆನಮಿಕ್ ಆಸಿಡ್ ಅಪರೂಪಕ್ಕೆ ಜ್ವರ, ದದ್ದಿನ ತೀವ್ರ ಅಲರ್ಜಿ ತರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿತ್ತು. ನನಗೆ ಅದಕ್ಕಿಂತ ಕಳವಳದ ಸಂಗತಿ, ಈ ಮಾತ್ರೆಯ ಮರೆಯಲ್ಲಿ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದು. ‘ಮದುವೆಯಾಗಿ ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ’ ಎಂಬ ಹಿರಿಯರ ಮದ್ದು ಇನ್ನೂ ಕೆಟ್ಟದು. ಕಾಯಿಲೆ ವಾಸಿಯಾಗಲೆಂದು ಬಸಿರಾಗುವ ಸಲಹೆ ಕೊಡಬಾರದೆಂದು ಯುರೋಪಿನ ತಜ್ಞರ 2022ರ ಮಾರ್ಗಸೂಚಿ ನೇರವಾಗಿಯೇ ಹೇಳಿದೆ.

ಮಗು ಬೇಕೆನ್ನುವವರು ಒಂದು ಮಾತು ಗಮನಿಸಿ: ಈ ಹಾರ್ಮೋನ್ ಮದ್ದು ಯಾವುದೂ ಸಹಜವಾಗಿ ಬಸಿರು ನಿಲ್ಲುವ ಸಾಧ್ಯತೆಯನ್ನು ಹೆಚ್ಚಿಸುವುದಿಲ್ಲ. ‘ಆರು ತಿಂಗಳು ನುಂಗಿ, ಆಮೇಲೆ ಪ್ರಯತ್ನಿಸಿ’ ಎಂದರೆ, ಯಾಕೆ ಎಂದು ಕೇಳಿಯೇ ಚೀಟಿ ತೆಗೆದುಕೊಳ್ಳಿ.