ಚಾಮಯ್ಯ ಮೇಷ್ಟ್ರ ತಪ್ಪು

ನಮ್ಮ ಬಳ್ಳಾರಿ ಕಡೆ ನಟನೆ ಎಂದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು ರಾಘವರದು. 1946ರಲ್ಲೇ ತೀರಿಕೊಂಡ ಅವರನ್ನು ನಾನು ನೋಡಿದವಳಲ್ಲ. ಆದರೂ ಊರಿಗೆ ಯಾವ ನಾಟಕ, ಯಾವ ಸಿನೆಮಾ ಬಂದರೂ, "ಹೌದು, ಮಾಡ್ಯಾನ, ಆದ್ರ ರಾಘವ ಅಲ್ಲ ಬಿಡು" ಎಂದು ತೂಗಿಬಿಡುವ ಮುದುಕರ ನಡುವೆ ಬೆಳೆದವಳು. ಅಂಥವರಲ್ಲೊಬ್ಬರು, ನಮ್ಮ ಸೋದರಮಾವ, ಕುರುಗೋಡಿನ ಟೆಂಟಿನಲ್ಲಿ 'ನಾಗರಹಾವು' ನೋಡಿ ಹೊರಗೆ ಬಂದು ಏನೂ ಅನ್ನದೆ ಬೀಡಿ ಹಚ್ಚಿದರು. ದೊಡ್ಡಬಸವೇಶ್ವರನ ಗುಡಿಯವರೆಗೂ ನಡೆದ ಮೇಲೆ ಒಂದು ಮಾತು ಹೇಳಿದರು: "ಆ ಮೇಷ್ಟ್ರು ನಟನೆ ಮಾಡಿಲ್ಲ ನೋಡು."

ಆಗ ನನಗೆ ಹನ್ನೆರಡೋ ಹದಿಮೂರೋ ವರ್ಷ. ಚಾಮಯ್ಯ ಮೇಷ್ಟ್ರು ಸತ್ತದ್ದಕ್ಕೆ ಅತ್ತು ಕಣ್ಣು ಕೆಂಪಾಗಿದ್ದವು. ಮುಂದೆ ನಾನು ಟೀಚರಾಗುತ್ತೇನೆಂದು ನಿಶ್ಚಯಿಸಿದ್ದು ಆ ರಾತ್ರಿಯೇ ಎಂದು ಹೇಳಿದರೆ ಕಥೆ ಕಟ್ಟಿದಂತಾದೀತು. ಆದರೆ ಟೀಚರೆಂದರೆ ಹೇಗಿರಬೇಕೆಂದು ಯಾರಾದರೂ ಕೇಳಿದಾಗ ಕಣ್ಣ ಮುಂದೆ ಬರುತ್ತಿದ್ದುದು ಕೆ.ಎಸ್. ಅಶ್ವಥ್ ಅವರ ಮುಖವೇ.

ಅಶ್ವಥ್ ಹುಟ್ಟಿದ್ದು 1925ರಲ್ಲಿ. ಮೈಸೂರಿನವರು, ಕೊನೆಯವರೆಗೂ ಮೈಸೂರನ್ನು ಬಿಡಲಿಲ್ಲ. ಸರಕಾರಿ ನೌಕರಿ, ಹವ್ಯಾಸಿ ನಾಟಕ, ಆಕಾಶವಾಣಿ, ಹೀಗೆ ಬಂದು 1955ರ 'ಸ್ತ್ರೀರತ್ನ'ದಲ್ಲಿ ನಾಯಕನೇ ಆದರು. ನಾಯಕನಾಗಿ ಉಳಿಯಲಿಲ್ಲ. ಇದನ್ನು ಅವರ ಸೋಲೆಂದು ಬರೆಯುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಪೌರಾಣಿಕ ಚಿತ್ರಗಳಲ್ಲಿ ನಾರದನಾದರು, ಸಾಮಾಜಿಕ ಚಿತ್ರಗಳಲ್ಲಿ ಅಪ್ಪನಾದರು, ಅಣ್ಣನಾದರು, ಮನೆಯ ಹಿರಿಯನಾದರು. ಒಂದು ಲೆಕ್ಕ ಹೇಳುತ್ತೇನೆ: ರಾಜಕುಮಾರ್ ಹುಟ್ಟಿದ್ದು 1929ರಲ್ಲಿ. ಅವರಿಗಿಂತ ಕೇವಲ 4 ವರ್ಷಕ್ಕೆ ದೊಡ್ಡವರಾದ ಅಶ್ವಥ್ ಅವರ ತಂದೆಯಾಗಿ ಎಷ್ಟೋ ಚಿತ್ರಗಳಲ್ಲಿ ನಿಂತರು. ಯಾರಿಗೂ ಅದು ಅಸಂಬದ್ಧ ಎನಿಸಲಿಲ್ಲ. ಬರಿಯ ಬಣ್ಣ, ನರೆಗೂದಲಿನಿಂದ ಆಗುವ ಕೆಲಸವಲ್ಲ ಅದು. ಅವರ ದನಿಯಲ್ಲೇ ಒಂದು ವಯಸ್ಸಿತ್ತು. ಮಾತಿಗೆ ಮೊದಲು ಒಂದು ಉಸಿರು, ಮಾತು ಮುಗಿದ ಮೇಲೆ ಇನ್ನೊಂದು. ಆ ಎರಡು ಉಸಿರುಗಳ ನಡುವೆ ಹೇಳಿದ್ದನ್ನು ಕೇಳಬೇಕು ಎನ್ನಿಸುತ್ತಿತ್ತು. ಕೇಳಬೇಕು ಎಂದರೆ ಕಿವಿಯಿಂದಲ್ಲ, ವಿಧೇಯತೆಯಿಂದ.

ಇಲ್ಲಿಯೇ ನನ್ನ ತಕರಾರು ಇರುವುದು.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ 'ನಾಗರಹಾವು' ಚಿತ್ರವನ್ನು ನಾವು ರಾಮಾಚಾರಿಯ ಕಥೆಯೆಂದೇ ನೋಡುತ್ತೇವೆ. ವಿಷ್ಣುವರ್ಧನ್ ಅವರ ಆ ಸಿಟ್ಟು, ಆ ನಡಿಗೆ, ದುರ್ಗದ ಬಂಡೆಗಳು! ಕಣ್ಣು ಬೇರೆಡೆ ಹೋಗುವುದೇ ಇಲ್ಲ. ಆದರೆ ಕಥೆಯನ್ನು ಬಿಡಿಸಿ ನೋಡಿದರೆ ಅದನ್ನು ತಿರುಗಿಸುವವರು ಚಾಮಯ್ಯ ಮೇಷ್ಟ್ರು, ಅದೂ ಎರಡು ಸಲ. ಮೊದಲು ಅಲಮೇಲುವನ್ನು ಬಿಟ್ಟುಬಿಡು ಎನ್ನುತ್ತಾರೆ. ಊರಿಗೆಲ್ಲ ಹೆಡೆಯೆತ್ತುವ ಹುಡುಗ ಅವರೆದುರು ತಲೆ ತಗ್ಗಿಸುತ್ತಾನೆ. ಅಲಮೇಲು ಹಿರಿಯರು ಗೊತ್ತು ಮಾಡಿದವನನ್ನು ಮದುವೆಯಾಗಿ, ಕೊನೆಗೆ ವೇಶ್ಯೆಯಾಗಿ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಎರಡನೆಯ ಸಲ ಮಾರ್ಗರೆಟ್‌ಳನ್ನು ಬಿಡು ಎಂದು ಬೆಟ್ಟದ ಮೇಲೆ ಹೇಳಲು ಬರುತ್ತಾರೆ. ಆ ಬೆಟ್ಟದಿಂದ ಮೇಷ್ಟ್ರು ಕೆಳಗಿಳಿಯುವುದಿಲ್ಲ.

ಮಕ್ಕಳಿಲ್ಲದ ಮೇಷ್ಟ್ರು ಆ ಹುಡುಗನನ್ನು ಮಗನಂತೆ ಕಂಡವರು. ಹೆಂಡತಿ ತುಂಗಮ್ಮನಾಗಿ, ನಾಯಕಿಯ ಪಾತ್ರಗಳಿಂದ ಆಗಲೇ ತಾಯಿಯ ಪಾತ್ರಗಳಿಗೆ ಸರಿದಿದ್ದ ಲೀಲಾವತಿ. ಆ ಮನೆಯ ಪ್ರೀತಿಯಲ್ಲಿ ಕಪಟವಿಲ್ಲ. ಇದನ್ನು ಅಶ್ವಥ್ ಎಷ್ಟು ನಿಜವಾಗಿಸಿಬಿಟ್ಟಿದ್ದಾರೆಂದರೆ, ಆ ಪ್ರೀತಿಯನ್ನೇ ಹತಾರ ಮಾಡಿಕೊಂಡು ಮೇಷ್ಟ್ರು ಒಂದು ಹೆಣ್ಣಿನ ಬದುಕನ್ನು ಮುರಿಯಲು ಒಪ್ಪಿದರು ಎಂಬುದು ನಮಗೆ ಹೊಳೆಯುವುದೇ ಇಲ್ಲ. ನಲವತ್ತು ವರ್ಷ ನನಗೂ ಹೊಳೆದಿರಲಿಲ್ಲ. ಇದೇ ಕಥೆ ತೆಲುಗಿಗೆ 'ಕೋಡೆನಾಗು' ಎಂದು ಹೋದಾಗ ಮೇಷ್ಟ್ರಾದವರು ಕವಿ ಆತ್ರೇಯ. ಹಿಂದಿಯ 'ಜಹರೀಲಾ ಇನ್ಸಾನ್'ನಲ್ಲಿ ಪ್ರಾಣ್. ಬಳ್ಳಾರಿಯಲ್ಲಿದ್ದವರಿಗೆ ತೆಲುಗು ಚಿತ್ರಕ್ಕೇನು ಕೊರತೆ, ಅದನ್ನೂ ನೋಡಿದ್ದೇನೆ. ಆತ್ರೇಯ ದೊಡ್ಡ ಕವಿ, ಒಪ್ಪಿದೆ. ಆದರೆ ಅವರು ಹೇಳಿದ್ದಕ್ಕೆ ನಾನಾಗಿದ್ದರೆ ಎದುರು ಮಾತಾಡುತ್ತಿದ್ದೆ. ಅಶ್ವಥ್ ಹೇಳಿದ್ದರೆ ಆಡುತ್ತಿರಲಿಲ್ಲ.

ತ.ರಾ.ಸು. ಅವರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ, ನಾಗರಹಾವು ಕೇರೆಹಾವಾಯಿತು ಎಂದರು ಎಂಬ ಮಾತು ಪ್ರಸಿದ್ಧ. ಅದು ರಾಮಾಚಾರಿಯ ಬಗ್ಗೆ ಆಡಿದ ಮಾತು. ಮೇಷ್ಟ್ರ ಬಗ್ಗೆ ಯಾರೂ ಕೇಳಿದಂತಿಲ್ಲ.

2018ರ ಜುಲೈನಲ್ಲಿ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆರೆಗೆ ಬಂತು. ಬಳ್ಳಾರಿಯಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಮಧ್ಯಂತರದಲ್ಲಿ ಅವಳು ಅಂದಳು: "ಅಮ್ಮಾ, ಆ ಸಾರಿಗೆ ಅಲಮೇಲೂನ ಒಂದ್ ಮಾತು ಕೇಳಬೇಕು ಅನ್ನಿಸಲೇ ಇಲ್ವಾ?" ಉತ್ತರ ಕೊಡಲಿಲ್ಲ. ಸಿರುಗುಪ್ಪದ ಒಬ್ಬ ಹುಡುಗಿಯ ನೆನಪಾಯಿತು.

ನಾನು ಸಿರುಗುಪ್ಪದಲ್ಲಿ ಕೆಲಸಕ್ಕಿದ್ದ ಕಾಲ. ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ. ಬಳ್ಳಾರಿಯ ಕಾಲೇಜಿನಲ್ಲಿ ವಿಜ್ಞಾನ ಓದುವ ಆಸೆ. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಅವಳಪ್ಪ ಶಾಲೆಗೆ ಬಂದು ಕೈಮುಗಿದು ನಿಂತ. "ಬಸ್ಸಿನ್ಯಾಗ ದಿನಾ ಹೋಗಿ ಬರೋದು ಆಗಂಗಿಲ್ರಿ ಮೇಡಂ. ನಾ ಹೇಳಿದ್ರ ಕೇಳವಲ್ಲಳು. ನಿಮ್ ಮಾತಂದ್ರ ಆಕಿಗೆ ದೇವ್ರು." ಆ ಕೊನೆಯ ಮಾತಿಗೆ ನಾನು ಉಬ್ಬಿದೆ, ಸುಳ್ಳೇಕೆ ಹೇಳಲಿ. ಹುಡುಗಿಯನ್ನು ಕರೆದು, ತಲೆ ಸವರಿ, ಮನೆಯ ಕಷ್ಟ, ತಂಗಿಯರು, ಅಪ್ಪನ ಮರ್ಯಾದೆ ಎಲ್ಲ ಹೇಳಿದೆ. ಮೆತ್ತಗೆ, ನಿಧಾನವಾಗಿ. ಯಾರ ಧಾಟಿಯಲ್ಲಿ ಹೇಳಿದೆನೆಂದು ಈಗ ಗೊತ್ತಾಗುತ್ತದೆ. ಅವಳು, "ಆಯ್ತ್ರಿ ಮೇಡಂ" ಎಂದಳು. ಹದಿನೆಂಟು ತುಂಬಿದ ಕೂಡಲೇ ಮದುವೆಯಾಯಿತು. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಕಾಲಿಗೆ ನಮಸ್ಕರಿಸುತ್ತಾಳೆ. ಅದೇ ನನಗೆ ತಡೆಯಲಾಗದ್ದು.

ಮಧ್ಯಂತರದ ನಂತರ ನಾನು ರಾಮಾಚಾರಿಯನ್ನು ನೋಡಲಿಲ್ಲ, ಅಶ್ವಥ್ ಒಬ್ಬರನ್ನೇ ನೋಡಿದೆ. ಬೆಟ್ಟದ ಮೇಲೆ ಹುಡುಗ ಅಲಮೇಲುವಿನ ಗತಿಯನ್ನೆತ್ತಿ ಕೇಳಿದಾಗ ಅವರ ಬಳಿ ಉತ್ತರವಿಲ್ಲ. ಆ ಮೌನದಲ್ಲಿ ಅವರು ಮಾತಿಗೆ ಮೊದಲಿನ ಉಸಿರನ್ನು ಎಳೆದುಕೊಳ್ಳುತ್ತಾರೆ, ಮಾತು ಬರುವುದಿಲ್ಲ. ಅಷ್ಟೇ. ಚಿತ್ರಕಥೆ ಮೇಷ್ಟ್ರನ್ನು ಸಂತನೆಂದು ಸಾಯಿಸಲು ಅವಸರಪಡುತ್ತಿರುವಾಗ ನಟ ಮಾತ್ರ, ಈತ ತಪ್ಪು ಮಾಡಿದ ಮನುಷ್ಯ ಎಂದು ಮುಖದಲ್ಲಿ ಬರೆದಿಟ್ಟಿದ್ದಾರೆ. ಆ ಪಾತ್ರಕ್ಕೆ ಅಶ್ವಥ್ ಅವರಿಗೆ ರಾಜ್ಯದ ಶ್ರೇಷ್ಠ ಪೋಷಕ ನಟ ಪ್ರಶಸ್ತಿ ಬಂತು. ಆಗ ಅವರಿಗೆ 47. ಈಗಿನ ನನಗಿಂತ ಚಿಕ್ಕವರು.

ಮುಂದೆಯೂ ದಶಕಗಳ ಕಾಲ ನಟಿಸಿದರು, ಒಟ್ಟು 300ಕ್ಕೂ ಹೆಚ್ಚು ಚಿತ್ರ. ಹೆಚ್ಚಿನವು ಅದೇ ಒಳ್ಳೆಯ ಅಪ್ಪ. ಬೆಟ್ಟದ ಮೇಲೆ ಒಂದು ಕ್ಷಣ ತೋರಿಸಿದ್ದನ್ನು ಪೂರ್ತಿಯಾಗಿ ಕೇಳುವ ಪಾತ್ರವನ್ನು ಅವರಿಗೆ ಯಾರೂ ಕೊಟ್ಟಂತೆ ನನಗೆ ಕಾಣುವುದಿಲ್ಲ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು; 19 ದಿನ ಕಳೆದು, 2010ರ ಜನವರಿ 18ರಂದು ಮೈಸೂರಿನಲ್ಲಿ ಅಶ್ವಥ್. ಗುರುಶಿಷ್ಯರು ಒಟ್ಟಿಗೇ ಹೊರಟರು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು.

ಚಿತ್ರದ ದೊಡ್ಡ ಕೊರತೆ ನನಗೆ ಕಾಣುವುದು ಆ ಸಾವೇ. ಸತ್ತವರನ್ನು ಯಾರು ಪ್ರಶ್ನೆ ಕೇಳುತ್ತಾರೆ? ಚಾಮಯ್ಯ ಬೀಳದೆ ಬದುಕಿ, ಬೆಟ್ಟ ಇಳಿದು, ಮರುದಿನ ಶಾಲೆಗೆ ಹೋಗಬೇಕಾಗಿ ಬಂದಿದ್ದರೆ ಅಶ್ವಥ್ ಆ ಬೆಳಗನ್ನು ಹೇಗೆ ಅಭಿನಯಿಸುತ್ತಿದ್ದರು?

ಸಿರುಗುಪ್ಪದ ಆ ಹುಡುಗಿಯ ವರ್ಗಾವಣೆ ಪತ್ರವನ್ನು ಒಯ್ಯಲು ಯಾರೂ ಬರಲಿಲ್ಲ. ವರ್ಷದ ಕೊನೆಗೆ ಕಡತ ಜೋಡಿಸುವಾಗ ನನ್ನ ಕೈಗೇ ಸಿಕ್ಕಿತು. ಧೂಳು ಕೊಡವಿ ಮತ್ತೆ ಅಲ್ಲೇ ಇಟ್ಟು, ಗಂಟೆಯಾಗಿತ್ತು, ಕ್ಲಾಸಿಗೆ ಹೋದೆ.