ಸೋಲುವ ತಂಡದ ಬೆನ್ನಿಗೆ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಚಾಂಪಿಯನ್‌ಷಿಪ್ ಫೈನಲ್ ಪೆನಾಲ್ಟಿವರೆಗೆ ಹೋಯಿತು. ನಿಗದಿತ ಅವಧಿ ಮುಗಿದರೂ, ಹೆಚ್ಚುವರಿ ಅವಧಿ ಮುಗಿದರೂ ಭಾರತ ಮತ್ತು ಕುವೈತ್ 1–1. ಐದೈದು ಒದೆತ ಆದ ಮೇಲೂ 4–4. ಆರನೆಯದನ್ನು ಮಣಿಪುರದ ಹುಡುಗ ನಾವೊರೆಮ್ ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್‌ನ ಖಾಲಿದ್ ಹಜಿಯಾ ಒದ್ದದ್ದನ್ನು ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದರು. ಕಪ್ ನಮ್ಮದಾಯಿತು. ಪದಕ ಕೊಡುವ ಹೊತ್ತಿಗೆ ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟವೊಂದನ್ನು ಹೆಗಲಿಗೆ ಹೊದ್ದು ಬಂದರು. ಅದು ಮೈತೇಯಿ ಜನರ ಬಾವುಟ.

ನಾವು ವೈಟ್‌ಫೀಲ್ಡ್ ಕಡೆಯವರು ನಾಲ್ಕು ಜನ ಸೇರಿ ಕ್ಯಾಬ್ ಹುಡುಕಿ ಹತ್ತುವಷ್ಟರಲ್ಲಿ ಫೋನುಗಳಲ್ಲಿ ಜಗಳ ಹತ್ತಿಕೊಂಡಿತ್ತು. ದೇಶದ ತಂಡದಲ್ಲಿದ್ದುಕೊಂಡು ಬೇರೆ ಬಾವುಟವೇ? ಇವನಿಗೆ ದೇಶಭಕ್ತಿ ಇದೆಯೇ? ಜೀಕ್ಸನ್ ಆ ರಾತ್ರಿಯೇ ಉತ್ತರ ಕೊಟ್ಟರು. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲ, ತನ್ನ ರಾಜ್ಯ ಅನುಭವಿಸುತ್ತಿರುವ ಸಂಕಟದತ್ತ ಗಮನ ಸೆಳೆಯಬೇಕಿತ್ತು, ಗೆಲುವು ಎಲ್ಲ ಭಾರತೀಯರಿಗೂ ಸೇರಿದ್ದು ಎಂದರು. ಮೇ 3ರಿಂದ ಮಣಿಪುರ ಮೈತೇಯಿ–ಕುಕಿ ಸಂಘರ್ಷದಲ್ಲಿ ಹೊತ್ತಿ ಉರಿಯುತ್ತಿತ್ತು. ರಾಷ್ಟ್ರೀಯ ತಂಡದ ರಕ್ಷಣಾ ಆಟಗಾರ ಚಿಂಗ್ಲೆನ್‌ಸಾನಾ ಸಿಂಗ್ ಅವರ ಮನೆಯೇ ಆ ಬೆಂಕಿಯಲ್ಲಿ ಹೋಗಿತ್ತು. ಜೀಕ್ಸನ್ ಹೊದ್ದ ಬಾವುಟ ಆ ಸಂಘರ್ಷದ ಒಂದು ಪಕ್ಷದ್ದು. ಅದನ್ನು ಕಂಡು ಕುಕಿ ಜನರಿಗೆ ನೋವಾಗಿದ್ದರೆ ಅದು ನ್ಯಾಯವಾದ ನೋವು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವರನ್ನು ದೇಶದ್ರೋಹಿ ಎಂದವರಿಗೆ ಒಂದು ಮಾತು ನೆನಪಿಸಬೇಕು. 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ, 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು, ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು ಹೊಡೆದದ್ದು ಇದೇ ಜೀಕ್ಸನ್.

ಈ ಅಂಕಣ ಆಟ ನೋಡುವವರಿಗಾಗಿ ಇರುವುದು, ರಾಜಕೀಯಕ್ಕಲ್ಲ. ಆದರೂ ಈ ವಿಷಯ ಬಿಡಲು ಮನಸ್ಸಿಲ್ಲ. ಕಂಠೀರವದ ಗ್ಯಾಲರಿಯಲ್ಲಿ ಬಂದು ಕೂರುವವರಲ್ಲಿ ಬಹಳ ಮಂದಿ ನಮ್ಮ ನಗರದ ಹೊರವಲಯದವರು. ಐಟಿಪಿಎಲ್ ಹಿಂದಿನ ಪಿಜಿಗಳಲ್ಲಿ ಇರುವ ಹುಡುಗರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ ಬದಲಾಯಿಸಿಕೊಂಡು ಬರುವವರು, ಪೀಣ್ಯದ ಲೇತ್ ಮುಂದೆ ದಿನವೆಲ್ಲ ನಿಂತು ಸಂಜೆ ಕೈ ತೊಳೆದು ಮೆಟ್ರೊ ಹತ್ತುವವರು. ಕೇರಳದವರು, ಬಂಗಾಳದವರು, ಮಿಜೋರಾಂ, ಅಸ್ಸಾಂ, ಮಣಿಪುರದವರು. ಅವರಲ್ಲಿ ಕೆಲವರಿಗೆ 2012ರ ಆಗಸ್ಟ್ ಇನ್ನೂ ಮರೆತಿಲ್ಲ. ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದು ಆಗ. ಗಂಟುಮೂಟೆ ಹೊತ್ತು ಸಿಟಿ ರೈಲು ನಿಲ್ದಾಣದಲ್ಲಿ ನಿಂತವರ ಸಾಲು ಶುರುವಾದದ್ದು ಸ್ವಾತಂತ್ರ್ಯ ದಿನದಂದೇ. ಅಂಥ ಊರಿನಲ್ಲಿ, ಹನ್ನೊಂದು ವರ್ಷದ ನಂತರ, ಅದೇ ಊರಿನ ಪ್ರೇಕ್ಷಕರು ಮಹೇಶ್ ಎಂದೂ ಛಾಂಗ್ಟೆ ಎಂದೂ ಗಂಟಲು ಹರಿಯುವಂತೆ ಕೂಗಿದರು. ರಾಷ್ಟ್ರೀಯ ತಂಡ ಮಾಡಬಹುದಾದ ಅತಿ ದೊಡ್ಡ ಕೆಲಸ ಇದು ಎಂದು ನಾನು ನಂಬಿದ್ದೇನೆ.

ಆ ಫೈನಲ್‌ನ ಸಮಬಲದ ಗೋಲನ್ನು ಒಮ್ಮೆ ನಿಧಾನವಾಗಿ ನೆನಪಿಸಿಕೊಳ್ಳಿ. 38ನೇ ನಿಮಿಷ. ಸುನಿಲ್ ಛೆಟ್ರಿ ರಕ್ಷಕರನ್ನು ತನ್ನತ್ತ ಸೆಳೆದು ಚೆಂಡನ್ನು ಒಳಕ್ಕೆ ದೂಡಿದರು. ಕೇರಳದ ಸಹಲ್ ಅಬ್ದುಲ್ ಸಮದ್ ಓಡಿಬಂದು ಅದನ್ನು ಹಿಡಿದಿಟ್ಟುಕೊಳ್ಳದೆ ಗೋಲಿನ ಮುಂದಕ್ಕೆ ಅಡ್ಡಲಾಗಿ ತಳ್ಳಿದರು. ಮಿಜೋರಾಂನ ಲಾಲ್ಲಿಯಾನ್‌ಜುವಾಲಾ ಛಾಂಗ್ಟೆ ಆ ಜಾಗಕ್ಕೆ ಮೊದಲೇ ಹೊರಟಿದ್ದರಿಂದ ಕಾಲು ತಗುಲಿಸಿದರೆ ಸಾಕಾಯಿತು. ಮೂವರೂ ಒಬ್ಬರನ್ನೊಬ್ಬರು ಕತ್ತೆತ್ತಿ ನೋಡಲಿಲ್ಲ. ಆಟ ಬಲ್ಲವರು ಗೋಲಿಗಿಂತ ಹೆಚ್ಚು ಮೆಚ್ಚುವುದು ಆ ನೋಡದಿರುವ ನಂಬಿಕೆಯನ್ನು.

ನಮ್ಮಲ್ಲಿ ದೇಶದ ತಂಡ ಎಂದರೆ ಕ್ರಿಕೆಟ್ ತಂಡ ಎಂದೇ ಅರ್ಥ. ನಾನೂ ಕ್ರಿಕೆಟ್ ನೋಡುತ್ತೇನೆ, ಪ್ರೀತಿಸುತ್ತೇನೆ. ಆದರೆ ಕ್ರಿಕೆಟ್ ತಂಡ ಗೆಲ್ಲುವ ತಂಡ. ಕಚೇರಿಯ ಕ್ಯಾಂಟೀನಿನಲ್ಲಿ ದೊಡ್ಡ ಪರದೆ ಹಾಕಿ ಎಲ್ಲರೂ ನೀಲಿ ಅಂಗಿ ತೊಟ್ಟ ದಿನ ಆ ತಂಡವನ್ನು ಬೆಂಬಲಿಸಲು ಏನೂ ತೆರಬೇಕಾಗಿಲ್ಲ. ಅದಕ್ಕೇ ಅದು ಸೋತ ದಿನ ಕೆಲವರಿಗೆ ತಡೆದುಕೊಳ್ಳಲಾಗುವುದಿಲ್ಲ. 1996ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಬಾಟಲಿಗಳು ಹಾರಿ ವಿಶ್ವಕಪ್ ಸೆಮಿಫೈನಲ್ ಅರ್ಧಕ್ಕೆ ನಿಂತು ಶ್ರೀಲಂಕಾ ಪಾಲಾಯಿತು. 2007ರಲ್ಲಿ ರಾಂಚಿಯಲ್ಲಿ ಧೋನಿಯ ಕಟ್ಟುತ್ತಿದ್ದ ಮನೆಯ ಮೇಲೆ ಜನ ನುಗ್ಗಿದರು. ಗೆಲುವನ್ನಷ್ಟೇ ಪ್ರೀತಿಸಿದವರು ಸೋಲಿನ ದಿನ ತಂಡದ ಶತ್ರುಗಳಾಗುತ್ತಾರೆ.

ಫುಟ್‌ಬಾಲ್ ತಂಡದ ಬೆನ್ನಿಗೆ ನಿಲ್ಲುವವರಿಗೆ ಈ ಐಷಾರಾಮ ಇಲ್ಲ. 2015ರ ಜೂನ್‌ನಲ್ಲಿ ಇದೇ ಕಂಠೀರವದಲ್ಲಿ ಒಮಾನ್ ವಿರುದ್ಧ 1–2ರಿಂದ ಸೋತೆವು. ಅದಾದ ಐದನೇ ದಿನ ಗುವಾಮ್‌ಗೆ ಹೋಗಿ ಅಲ್ಲೂ 1–2. ಗುವಾಮ್ ದ್ವೀಪದ ಒಟ್ಟು ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಇರಾನ್ ಇಲ್ಲಿಗೇ ಬಂದು ಮೂರು ಗೋಲು ಹೊಡೆದು ಹೋಯಿತು. ಆದರೂ ನವೆಂಬರ್‌ನಲ್ಲಿ ಗುವಾಮ್ ಇಲ್ಲಿಗೆ ಆಡಲು ಬಂದಾಗ ಗ್ಯಾಲರಿಯಲ್ಲಿ ಹಳೇ ಮುಖಗಳೆಲ್ಲ ಇದ್ದವು. ರಾಬಿನ್ ಸಿಂಗ್ ಹತ್ತನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು. ವಿರಾಮಕ್ಕೆ ಮೊದಲೇ ಸೆಹ್‌ನಾಜ್ ಸಿಂಗ್ ಕೆಂಪು ಕಾರ್ಡ್ ಕಂಡು ಹೊರನಡೆದರು. ಉಳಿದಷ್ಟೂ ಹೊತ್ತು ಹತ್ತೇ ಜನ ಆ ಒಂದು ಗೋಲನ್ನು ಕಾಪಾಡಿಕೊಂಡದ್ದನ್ನು ಕಂಡವರಿಗೆ ಅದು ದೊಡ್ಡ ಕಪ್ಪಿಗೆ ಸಮ.

ಬಂದ ಜನಕ್ಕೆ ಫಲ ಸಿಕ್ಕಿದ್ದು 2017ರಲ್ಲಿ. ಜೂನ್ 13ರಂದು ಕಿರ್ಗಿಸ್ತಾನದ ವಿರುದ್ಧ 69ನೇ ನಿಮಿಷದಲ್ಲಿ ಛೆಟ್ರಿ ಹೊಡೆದ ಗೋಲು ಈ ಮೈದಾನ ಕಂಡ ಅತ್ಯುತ್ತಮ ಗೋಲೆಂದು ನನ್ನ ಖಚಿತ ಅಭಿಪ್ರಾಯ. ಎದುರಾಳಿಗಳನ್ನು ದಾಟಿಕೊಂಡು ಬಂದವರು ಚೆಂಡನ್ನು ಸಹ ಆಟಗಾರ ಜೇಜೇಗೆ ಕೊಟ್ಟು ತಾವು ನಿಲ್ಲದೆ ಓಡಿದರು. ಜೇಜೇ ಅದನ್ನು ರಕ್ಷಕರ ತಲೆ ಮೇಲಿಂದ ಎತ್ತಿ ಹಾಕಿದರು. ನೆಲ ಮುಟ್ಟಲು ಬಿಡದೆ ಛೆಟ್ರಿ ಒದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಕಾವ್ ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದೂ ಇದೇ ಹುಲ್ಲಿನ ಮೇಲೆ.

ಮುಂದಿನ ವರ್ಷ ಮುಂಬೈಯಲ್ಲಿ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿ ಹ್ಯಾಟ್ರಿಕ್ ಹೊಡೆದ ಛೆಟ್ರಿಗೆ ಕಂಡದ್ದು ಬರೀ 2,569 ಪ್ರೇಕ್ಷಕರು. ಅವರು ವಿಡಿಯೊ ಮಾಡಿ ಕೈಮುಗಿದು ಕೇಳಿಕೊಂಡರು: ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ. ಮುಂದಿನ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖಾಲಿಯಾಯಿತು. ದೇಶದ ತಂಡದ ನಾಯಕನೊಬ್ಬ ಜನರ ಮುಂದಿಟ್ಟ ಬೇಡಿಕೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದನ್ನು ನಾನು ಬೇರೆ ಕೇಳಿಲ್ಲ. ಪ್ರಮಾಣವಚನ ಬೇಕೆಂದು ಅವರು ಕೇಳಲಿಲ್ಲ, ನಿಮ್ಮ ಸಂಜೆ ಕೊಡಿ ಎಂದರು.

ಬೆಂಗಳೂರಿಗೆ ಈ ಆಟದ ನಂಟು ಹಳೆಯದು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು ಆಡಿದ ಪಂದ್ಯದ ಏಕೈಕ ಭಾರತೀಯ ಗೋಲು ನಮ್ಮ ದಂಡು ಪ್ರದೇಶದ ಸಾರಂಗಪಾಣಿ ರಾಮನ್ ಅವರದ್ದು. ಹೆಚ್ಚಿನವರು ಬರಿಗಾಲಲ್ಲಿ ಆಡಿದರು, ಎರಡು ಪೆನಾಲ್ಟಿ ಕೈತಪ್ಪಿದವು, 1–2ರಿಂದ ಸೋತರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ನಮ್ಮೂರಿನವರು. ಹಲಸೂರು ಪಕ್ಕದ ಗೌತಮಪುರದಲ್ಲಿ ಇವತ್ತಿಗೂ ಅಂಬೇಡ್ಕರ್ ಜೊತೆಗೆ ಪೆಲೆಯ ಪ್ರತಿಮೆಯಿದೆ. ಆಮೇಲೆ ಹಳೇ ಮದ್ರಾಸ್ ರಸ್ತೆಯ ದೂರವಾಣಿ ಕಾರ್ಖಾನೆ ಐಟಿಐ, ವಿಮಾನ ಕಾರ್ಖಾನೆ ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳು ಈ ಆಟವನ್ನು ಸಾಕಿದವು. ನೌಕರಿಯೂ ಆಟವೂ ಒಂದೇ ಗೇಟಿನ ಒಳಗೆ ಸಿಗುತ್ತಿತ್ತು. ಎಚ್‌ಎಎಲ್ ಐ-ಲೀಗ್‌ವರೆಗೂ ಹೋಯಿತು. ಅದೇ ರಸ್ತೆಯ ಆಚೆ ತಲೆಯೆತ್ತಿದ ಐಟಿ ಕಂಪನಿಗಳು ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆ ಹಿಡಿಯುತ್ತವೆ, ಆಟಗಾರರಿಗೆ ನೌಕರಿ ಕೊಡುವುದಿಲ್ಲ. ಇದು ನನ್ನನ್ನು ನಿಜವಾಗಿ ಕಾಡುವ ಕೊರತೆ.

ನಿಷ್ಠೆಯನ್ನು ಪರೀಕ್ಷೆ ಮಾಡುವ ಚಟ ನಮ್ಮದೊಂದೇ ಅಲ್ಲ. 1990ರಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್, ವಲಸೆ ಬಂದವರು ಕ್ರಿಕೆಟ್‌ನಲ್ಲಿ ಯಾರ ಪರ ಕೂಗುತ್ತಾರೆ ನೋಡಿ ಎಂದು ಕೇಳಿದರು. ವೈಟ್‌ಫೀಲ್ಡ್‌ನಲ್ಲಿ ಕೂತು ಈ ಪ್ರಶ್ನೆ ಕೇಳಿಕೊಂಡರೆ ಅದು ನಮ್ಮ ಮನೆಗಳಿಗೇ ಬರುತ್ತದೆ. 1990ರ ದಶಕದಲ್ಲಿ ಬೆಂಗಳೂರು ಬಿಟ್ಟು ನ್ಯೂಜಿಲೆಂಡ್‌ಗೆ ಹೋದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರ ಮಗ ರಚಿನ್ ರವೀಂದ್ರ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಭಾರತ 46ಕ್ಕೆ ಆಲೌಟಾದ ಟೆಸ್ಟ್‌ನಲ್ಲೇ ಅವರು 134 ಹೊಡೆದು, 36 ವರ್ಷದ ನಂತರ ನ್ಯೂಜಿಲೆಂಡ್‌ಗೆ ಭಾರತದ ನೆಲದಲ್ಲಿ ಗೆಲುವು ತಂದರು. ಚಪ್ಪಾಳೆಯೂ ಬಿತ್ತು. ಆ ಹುಡುಗ ತನ್ನ ದೇಶಕ್ಕೆ ನಿಷ್ಠನಾಗಿದ್ದ. ಅಜ್ಜನ ಊರಿನ ಜನ ಆಟಕ್ಕೆ ನಿಷ್ಠರಾಗಿದ್ದರು.

ಈಗ ಇದರ ತಿರುಗುಮುರುಗು ನೋಡಿ. ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಮೈಸೂರು ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೊ-ಇಂಡಿಯನ್ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ. ಆ ಸಮುದಾಯದ ಬಹುಪಾಲು ಮಂದಿ ಆಸ್ಟ್ರೇಲಿಯಾಕ್ಕೂ ಇಂಗ್ಲೆಂಡಿಗೂ ಹೋಗಿಬಿಟ್ಟರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಪರ್ತ್‌ನಲ್ಲಿ, ತಾಯಿ ಮುಂಬೈಯ ಆಂಗ್ಲೊ-ಇಂಡಿಯನ್ ಮನೆತನದವರು. ಆಸ್ಟ್ರೇಲಿಯಾ ಪರ ಒಂದು ಸ್ನೇಹಪಂದ್ಯವನ್ನೂ ಆಡಿದ್ದವರು. ಭಾರತದ ಪಾಸ್‌ಪೋರ್ಟ್ ಇಲ್ಲದೆ ಭಾರತಕ್ಕೆ ಆಡುವಂತಿಲ್ಲ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಸಾಲದು. 2025ರಲ್ಲಿ ಅವರು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತೀಯರಾದರು. ಇಲ್ಲಿನ ಹುಡುಗರು ಹೊರದೇಶದ ಪೌರತ್ವಕ್ಕೆ ವರ್ಷಗಟ್ಟಲೆ ಕಾಯುವಾಗ, ವಿಶ್ವ ಶ್ರೇಯಾಂಕದಲ್ಲಿ ನೂರಕ್ಕಿಂತ ಎಷ್ಟೋ ಕೆಳಗಿರುವ ತಂಡಕ್ಕೆ ಆಡಲೆಂದು ಒಬ್ಬ ಎದುರು ದಿಕ್ಕಿನಲ್ಲಿ ನಡೆದು ಬಂದಿದ್ದಾನೆ.

ಛೆಟ್ರಿಯವರ ತಂದೆ ಭಾರತೀಯ ಸೇನೆಯಲ್ಲಿದ್ದವರು, ತಾಯಿ ಸುಶೀಲಾ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. 2023ರ ಜೂನ್ 24ರಂದು ಇದೇ ಕಂಠೀರವದಲ್ಲಿ ನೇಪಾಳದ ವಿರುದ್ಧ ಮೊದಲ ಗೋಲು ಹೊಡೆದದ್ದು ಮಗ. ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ನೇಪಾಳಿಗಳು ಅಂದು ಕೆಂಪಂಗಿ ತೊಟ್ಟು ಬಂದು ಕೂಗಿದ್ದನ್ನು ನಾನು ಪಕ್ಕದ ಬ್ಲಾಕಿನಿಂದ ಕೇಳಿಸಿಕೊಂಡೆ. ಪಂದ್ಯದ ಸೊಗಸು ಹೆಚ್ಚಿದ್ದೇ ಅವರಿಂದ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇಡೀ ಕ್ರೀಡಾಂಗಣ ಭಾರತದ ವಿರುದ್ಧ ತಿರುಗಿಬಿದ್ದು ನಮ್ಮ ರಾಷ್ಟ್ರಗೀತೆಗೂ ಅಡ್ಡಿ ಮಾಡಿದಾಗ, ಗ್ಯಾಲರಿಯಲ್ಲಿ ಭಾರತದ ಪರ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು. ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದ ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಎದುರಾಳಿ ದೇಶದವರ ಬಾಯಿಂದ ಬಂದ ಆ ಕೂಗು ಅವರ ದೇಶಭಕ್ತಿಯನ್ನು ಒಂದು ತೂಕ ಕೂಡ ಇಳಿಸಲಿಲ್ಲ.

ಈಗ ಬೇಕಾದದ್ದು ಇಷ್ಟು. ರಾಷ್ಟ್ರೀಯ ತಂಡದ ಪಂದ್ಯಗಳನ್ನು ಬೆಂಗಳೂರಿಗೆ ಕೊಡುವಾಗ ಫೆಡರೇಷನ್ ಶನಿವಾರ ಅಥವಾ ಭಾನುವಾರ ನೋಡಿ ಕೊಡಲಿ. ವಾರದ ಮಧ್ಯೆ ರಾತ್ರಿ ಏಳೂವರೆಗೆ ಇಟ್ಟರೆ ಬೊಮ್ಮಸಂದ್ರದಿಂದ ಬರುವವರಿಗೆ ಮೊದಲಾರ್ಧ ಸಿಗುವುದಿಲ್ಲ. ಐಪಿಎಲ್ ದಿನ ಕೊನೆಯ ಮೆಟ್ರೊ ತಡಮಾಡಿ ಬಿಡುವ ನಿಗಮ ಭಾರತದ ಫುಟ್‌ಬಾಲ್ ಪಂದ್ಯದ ದಿನವೂ ಅಷ್ಟನ್ನು ಮಾಡಲಿ. ಹಳಿ ಈಗ ಕಾಡುಗೋಡಿವರೆಗೂ ಇದೆ, ಮಾದಾವರದವರೆಗೂ ಇದೆ, ಎಲೆಕ್ಟ್ರಾನಿಕ್ ಸಿಟಿ ದಾಟಿಯೂ ಇದೆ. ಮೊದಲ ಸಲ ಬರುವವರು ಪಶ್ಚಿಮದ ಗ್ಯಾಲರಿಯ ಮೇಲಿನ ಸಾಲುಗಳಲ್ಲಿ ಜಾಗ ಹಿಡಿಯಿರಿ. ಓಟದ ಟ್ರ್ಯಾಕ್ ನಡುವೆ ಇರುವುದರಿಂದ ಕೆಳಗೆ ಕೂತರೆ ದೂರದ ಗೋಲು ಸರಿಯಾಗಿ ಕಾಣಿಸುವುದಿಲ್ಲ.